ಆಷಾಢದಲ್ಲಿ ಲಿನಕ್ಸ್

14 ಜೂನ್ 2009, ರವಿವಾರ
ಗಜೇಂದ್ರಗಡ

ನನ್ನ ಮದುವೆಯಾಯಿತು, ಹೆಂಡತಿಯ ಜೊತೆಗೆ ಡ್ಯುಯಲ್ ಕೋರ್ ಲ್ಯಾಪ್‌ಟಾಪ್ ಕೂಡ ಮನೆಗೆ ಬಂತು! ಎರಡು ವಾರವಾದರೂ ನಂಬಿಕೆ ಬರುತ್ತಿಲ್ಲ. ಬೆಳಿಗ್ಗೆ ಎದ್ದು ಇಬ್ಬರನ್ನೂ ಒಮ್ಮೆ ನೋಡಿ ಖಾತ್ರಿ ಮಾಡಿಕೊಳ್ಳುತ್ತೇನೆ. ರೇಷ್ಮಾ! ಎಂಥ ಹೆಸರು, ಎಂಥ ನಗು! ಎರಡು ಜಿ.ಬಿ. ಮೆಮೊರಿ! ವಿಜಾಪುರದ ಸಾಲೆಯಲ್ಲಿ ಎರಡು ವರ್ಷ ಪಾಠ ಹೇಳಿ ಅವಳೇ ಕೊಂಡ ಲ್ಯಾಪ್‌ಟಾಪ್ ಅದು. ಅಂದರೆ ನನ್ನ ಹೆಂಡತಿಗೆ ದುಡಿಯುವುದೂ ಗೊತ್ತು, ಪ್ರೊಸೆಸರ್ ಆರಿಸುವುದೂ ಗೊತ್ತು. ಇಡೀ ರೋಣ ತಾಲ್ಲೂಕಿನಲ್ಲಿ ನನ್ನಷ್ಟು ಪುಣ್ಯವಂತ ಇನ್ನೊಬ್ಬನಿಲ್ಲ!

ಹುಬ್ಬಳ್ಳಿಯ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾನು ಕನ್ನಡದಲ್ಲಿ ದಿನಚರಿ ಹಿಡಿದಿರುವುದೂ ಅವಳಿಂದಲೇ. ಮದುವೆಗೆ ಮುಂಚೆ ನಾನು ಕನ್ನಡದಲ್ಲಿ ಬರೆದ ಪತ್ರ ಓದಿ, "ಅಕ್ಷರ ಭಾಳ ಚಲೋ ಅದಾವ್ರಿ. ಆದ್ರ ಮಿಕ್ಸರ್ ಜೋಡಿ ಬರೂ ಪುಸ್ತಕಾ ಓದಿದಂಗ ಆತು" ಎಂದಿದ್ದಳು. ಇದನ್ನು ಅವಳಿಗೆ ತೋರಿಸುವುದಿಲ್ಲ. ಕೈ ಪಳಗಲಿ ಎಂದಷ್ಟೇ.

ಬಸ್ ನಿಲ್ದಾಣದ ಎದುರು ಆರು ವರ್ಷದಿಂದ ಕಂಪ್ಯೂಟರ್ ಕ್ಲಾಸ್ ನಡೆಸುವವನಾಗಿ ಒಂದು ಮಾತು ಬರೆದಿಡಲೇಬೇಕು. ಲ್ಯಾಪ್‌ಟಾಪಿಗೆ ಹೊಳೆಯುವ ಪರದೆ ಕೂಡಿಸುವುದು ಮೂರ್ಖತನ. ಕನ್ನಡಿ ಬೇಕಾದವರು ಕನ್ನಡಿ ಕೊಳ್ಳಲಿ. ರೇಷ್ಮಾ ಅದರಲ್ಲಿ ಬೈತಲೆ ತೆಗೆದುಕೊಳ್ಳುತ್ತಾಳೆ, ಅದು ಬೇರೆ ಮಾತು, ಅದು ಚೆಂದ.

ಆದರೆ ಅಷ್ಟು ಶಕ್ತಿಯ ಯಂತ್ರದಲ್ಲಿ ಅವಳು ಮಾಡುವುದೇನು? ಲೆಕ್ಕದ ಹಾಳೆ ತೆರೆದು, ಚೌಕುಳಿಗಳಿಗೆ ಒಂದೊಂದಾಗಿ ಬಣ್ಣ ತುಂಬುತ್ತಾಳೆ. ಒಂದು ಚೌಕುಳಿ ಎಂದರೆ ಒಂದು ಎಳೆ. ಅದು ಸೀರೆಯ ಸೆರಗಿನ ನಕ್ಷೆಯಂತೆ. ಮೊದಲು ಗುಮ್ಮಟಗಳ ಪಟ್ಟಿ, ನಡುವೆ ಟಾಂಗಾಗಳ ಪಟ್ಟಿ, ಆಮೇಲೆ ಮತ್ತೆ ಗುಮ್ಮಟ. ಅವಳ ತಾಯಿಯ ತಂದೆ ವಿಜಾಪುರದಲ್ಲಿ ಟಾಂಗಾ ಹೊಡೆಯುತ್ತಿದ್ದರು. ನಮ್ಮವ್ವ ಅದನ್ನು ಮಗ್ಗದ ಮೇಲೆ ನೇಯುತ್ತಾಳೆ. ಹತ್ತು ಪೈಸೆಯ ಹಾಳೆ ಮಾಡುವ ಕೆಲಸಕ್ಕೆ ಎರಡು ಕೋರ್!

ನಿನ್ನೆ ನರಗುಂದಕ್ಕೆ ಹೋಗಿದ್ದೆವು. ಜೊತೆಯಲ್ಲಿ ಓದಿದ ಇಲಿಯಾಸ ಅಲ್ಲಿ ಇಂಟರ್ನೆಟ್ ಅಂಗಡಿ ಇಟ್ಟಿದ್ದಾನೆ, ನಾಲ್ಕು ಕಂಪ್ಯೂಟರಿನಲ್ಲಿ ಆಟ ಆಡಿಸುತ್ತಾನೆ. ರೇಷ್ಮಾ ಕಾರು ಓಡಿಸುವ ಆಟದಲ್ಲಿ ಅವನನ್ನು ಮೂರು ಸಲ ಸೋಲಿಸಿದಳು.

"ಲೇ ಅಜ್ಯಾ, ವೈನಿ ಗಾಡಿ ಹೊಡಿಯೂದು ನೋಡಿದ್ರ ನೀ ಹಿಂದ ಕುಂಡ್ರೂದ ಚಲೋ" ಎಂದ ಇಲಿಯಾಸ. ಅಜಯ ಎಂಬ ಹೆಸರು ಅವನ ಬಾಯಲ್ಲಿ ಯಾವಾಗಲೂ ಅಜ್ಯಾ.

ನಾನು ಗಂಭೀರವಾಗಿ, ಕಂಪ್ಯೂಟರ್ ಆಟ ಎಂಬುದು ವಿದ್ಯುತ್ತು ಹಾಳು ಮಾಡುವ ಕೆಲಸ, ನಿಜವಾದ ಸಂತೋಷ ಡ್ರೈವರ್ ತಂತ್ರಾಂಶ ಕಂಪೈಲ್ ಮಾಡುವುದರಲ್ಲಿದೆ ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ನಾಲ್ಕನೇ ಆಟ ಶುರುವಾಗಿತ್ತು.

22 ಜೂನ್, ಸೋಮವಾರ

ಹೋದಳು! ನಾಳೆಯಿಂದ ಆಷಾಢ. ಹೊಸ ಸೊಸೆ ತವರಿನಲ್ಲಿರಬೇಕು, ಮೊದಲ ಪಂಚಮಿಯನ್ನೂ ಅಲ್ಲೇ ಮಾಡಬೇಕು, ಅಳಿಯನಾದವನು ಆಷಾಢದಲ್ಲಿ ಅತ್ತೆಯ ಹೊಸ್ತಿಲು ತುಳಿಯಬಾರದು. ಐದು ವಾರ! ಇಷ್ಟು ದೊಡ್ಡ ದೋಷ ಯಾವ ತಂತ್ರಾಂಶದಲ್ಲಾದರೂ ಇದ್ದಿದ್ದರೆ ಜಗತ್ತು ಸುಮ್ಮನಿರುತ್ತಿತ್ತೇ?

ಹೊಳೆಆಲೂರು ರೈಲು ನಿಲ್ದಾಣಕ್ಕೆ ಬಿಟ್ಟು ಬಂದೆ. ಮಾವನವರು ಕರೆಯಲು ಬಂದಿದ್ದರು, ಅದಕ್ಕೆ ಕೈ ಕೂಡ ಹಿಡಿಯಲಾಗಲಿಲ್ಲ. ಕಿಟಕಿಯಿಂದ ಅವಳು ಹೇಳಿದ್ದು ಲ್ಯಾಪ್‌ಟಾಪಿನ ಮಾತು.

"ಅತ್ತಿ ಅರ್ಧಾ ಸೆರಗು ನೇದಾರ್ರಿ. ಅದು ಮುಗಿಯೂತನಕಾ ಲ್ಯಾಪ್‌ಟಾಪ್ ಅವರ ಕಡೇನ ಇರ್ಲಿ. ಪಂಚಮಿ ದಿನಾ ನಮ್ಮವ್ವ ಆ ಸೀರಿ ಉಡಬೇಕು. ಉಟ್ಟಳೋ, ಬರ್ತೀನಿ. ಇಲ್ಲಂದ್ರ ದೀಪಾವಳಿತನಕಾ ಅಲ್ಲೇ."

ನಕ್ಕೆ. ಅವಳೂ ನಕ್ಕಳು. ಆದರೆ ಸ್ವಲ್ಪ ಮಾತ್ರ. "ಮಗ್ಗದ ಮನಿಗೆ ಹೋಗಿ ಓದಿದ ಹುಡುಗಿ ಏನ್ ಮಾಡ್ತಿ ಅಂತ ಕೇಳಿದ್ಲು ನಮ್ಮವ್ವ. ನಾ ಬರದ ಸೆರಗು ಆಕಿ ಮೈಮ್ಯಾಲೆ ಹಾಕ್ತೀನಿ ಅಂತ ಹೇಳೀನಿ" ಎಂದಳು. ಅಷ್ಟರಲ್ಲಿ ಗಾಡಿ ಬಿಟ್ಟಿತು.

ಮನೆಗೆ ಬಂದರೆ ಅವ್ವ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಾಳೆ. ಪಕ್ಕದ ಮಣೆಯ ಮೇಲೆ ಲ್ಯಾಪ್‌ಟಾಪ್. ಒಂದು ಸಾಲು ನೇಯುತ್ತಾಳೆ, ಕಿರುಬೆರಳಿನಿಂದ ಕೆಳಬಾಣದ ಗುಂಡಿ ಒತ್ತುತ್ತಾಳೆ, ಇನ್ನೊಂದು ಸಾಲು ನೇಯುತ್ತಾಳೆ. ಎಂಬತ್ತಕ್ಕಿಂತ ಹೆಚ್ಚು ಗುಂಡಿಗಳಿರುವ ಯಂತ್ರದಲ್ಲಿ ಅವ್ವನಿಗೆ ಗೊತ್ತಿರುವುದು ಒಂದೇ! ಅವಳು ಊಟಕ್ಕೆ ಎದ್ದಾಗ ಅಪ್ಪ ಬಂದು ಅದರಲ್ಲಿ ಇಸ್ಪೀಟು ಆಡುತ್ತಾರೆ. ನನ್ನ ಹೃದಯ ಒಡೆದುಹೋಗುತ್ತದೆ.

27 ಜೂನ್, ಶನಿವಾರ

ಬಂತು! ಹೊರದೇಶದಿಂದ ಲಿನಕ್ಸ್ ಸಿ.ಡಿ. ಅಂಚೆಯಲ್ಲಿ ಬಂತು, ಪುಕ್ಕಟೆ! ಜಗತ್ತಿನ ಸಾವಿರಾರು ಜನ ಕೂಡಿ ಬರೆದು, ವಿಂಡೋಸ್ ಬದಲು ಇದನ್ನು ಹಾಕಿಕೊಳ್ಳಿ, ಸ್ವತಂತ್ರರಾಗಿ ಎಂದು ಹಂಚುವ ವ್ಯವಸ್ಥೆ. ರೇಷ್ಮಾ ತಿರುಗಿ ಬಂದು ಲ್ಯಾಪ್‌ಟಾಪ್ ತೆರೆದಾಗ ಅವಳ ಮುಖ ಹೇಗಾಗಬಹುದು! ಬೇರೆ ಗಂಡಂದಿರು ಬಳೆ ಕೊಡಿಸುತ್ತಾರೆ. ನಾನು ಸ್ವಾತಂತ್ರ್ಯ ಕೊಡುತ್ತೇನೆ.

ಅವ್ವ ಹೇಳಿದಳು, "ಸೀರಿ ಮುಗಿಯೂತನಕಾ ಅದನ್ನ ಮುಟ್ಟಬ್ಯಾಡ ಅಜಯಾ."

"ಅರ್ಧಾ ತಾಸಿನ ಕೆಲಸ ಬೇ. ನಿನ್ನ ಗುಂಡಿ ಅಲ್ಲೇ ಇರತೈತಿ."

ಬೇಜವಾಬ್ದಾರಿ ಮನುಷ್ಯ ನಾನಲ್ಲ. ಮೊದಲು ಸೆರಗಿನ ಕಡತವನ್ನು ಪರದೆಯಿಂದ ಪೆನ್‌ಡ್ರೈವಿಗೆ ಎಳೆದುಹಾಕಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಆಮೇಲೆ ಸಿ.ಡಿ. ಹಾಕಿದರೆ, ಇದ್ದದ್ದನ್ನೆಲ್ಲ ಅಳಿಸಿ ಇಡೀ ಡಿಸ್ಕ್ ಬಳಸಲೇ ಎಂದು ಕೇಳಿತು. ಧೈರ್ಯವಾಗಿ ಹೌದು ಎಂದೆ. ಇಪ್ಪತ್ತೇಳು ನಿಮಿಷ! ಮುಗಿದಾಗ ಕಣ್ಣಲ್ಲಿ ನೀರು ಬಂತು.

28 ಜೂನ್, ರವಿವಾರ

ಸದ್ದು ಬರುತ್ತಿಲ್ಲ. ವೈರ್‌ಲೆಸ್ ಕಾರ್ಡ್ ಕಾಣುತ್ತಿಲ್ಲ. ಮುಚ್ಚಿದರೆ ನಿದ್ದೆ ಹೋಗುತ್ತದೆ, ಏಳುವುದಿಲ್ಲ. ಪರದೆಯ ಬೆಳಕು ಕಡಿಮೆಯಾಗುವುದಿಲ್ಲ. ಅದರ ಮುಂದೆ ಕುಳಿತರೆ ಫೋಟೋ ತೆಗೆಸಿಕೊಳ್ಳುವಂತಿದೆ.

ಒಂದು ಮಾತು ಸ್ಪಷ್ಟವಾಗಿರಲಿ, ಇದು ಲಿನಕ್ಸ್ ತಪ್ಪಲ್ಲ. ಕಾರ್ಡ್ ಮಾಡಿದವರು ಅದರ ಒಳಗುಟ್ಟು ಬಿಟ್ಟುಕೊಡದಿದ್ದರೆ ಲಿನಕ್ಸ್ ಏನು ಮಾಡಬೇಕು? ಇನ್ನು ಸದ್ದು. ಲ್ಯಾಪ್‌ಟಾಪಿಗೆ ಸದ್ದು ಯಾಕೆ ಬೇಕು ಎಂದು ನಾವೆಲ್ಲ ಒಮ್ಮೆ ಯೋಚಿಸಬೇಕು.

29 ಜೂನ್, ಸೋಮವಾರ

ಅವ್ವ ಮಗ್ಗಕ್ಕೆ ಕುಳಿತು ನಕ್ಷೆ ಕೇಳಿದಳು. ಪೆನ್‌ಡ್ರೈವ್ ಹಾಕಿದೆ. ಕಡತ ಇದೆ, ಹೆಸರು ಇದೆ, ತೆರೆಯುತ್ತಿಲ್ಲ. ಹೊಂದಾಣಿಕೆಯ ಸಣ್ಣ ಸಮಸ್ಯೆ ಇರಬೇಕು.

"ಅದು ಅಪ್‌ಗ್ರೇಡ್ ಆಗಾಕತ್ತೈತಿ ಬೇ" ಎಂದೆ.

"ಯಾವಾಗ ಮುಗೀತತಿ?"

"ನಾಳೆ."

ಅಪ್ಪ ಬಾಗಿಲಲ್ಲಿ ನಿಂತು ಕೇಳಿದರು, "ನನ್ನ ಇಸ್ಪೀಟ ಎಲ್ಲಿಲೇ?"

2 ಜುಲೈ, ಗುರುವಾರ

ರೋಣದ ಮೇಲಿಂದ ನರಗುಂದಕ್ಕೆ ಬಸ್ಸಿನಲ್ಲಿ ಹೋಗಿ ಬಂದೆ, ಮಡಿಲಲ್ಲಿ ಲ್ಯಾಪ್‌ಟಾಪ್. ಇಲಿಯಾಸ ಪೆನ್‌ಡ್ರೈವ್ ಹಾಕಿ ನೋಡಿದ. ಆಮೇಲೆ ನನ್ನನ್ನು ನೋಡಿದ.

"ಅಜ್ಯಾ, ಇದು ಎಷ್ಟು ಕೆ.ಬಿ. ಐತಿ?"

"ಒಂದು."

"ಮೂಲ್ಯಾಗ ಸಣ್ಣ ಬಾಣ ಕಾಣತೈತಿ?"

ಕಂಡಿತು. ನಾನು ಪೆನ್‌ಡ್ರೈವಿಗೆ ಹಾಕಿಕೊಂಡದ್ದು ಕಡತವಲ್ಲ. ಕಡತ ಎಲ್ಲಿದೆ ಎಂದು ದಾರಿ ತೋರಿಸುವ ಗುರುತು. ಶಾರ್ಟ್‌ಕಟ್. ಊರೇ ಇಲ್ಲದಂತೆ ಮಾಡಿ ಊರಿನ ಹಾದಿಫಲಕವನ್ನು ಜೋಪಾನವಾಗಿ ಎತ್ತಿಟ್ಟುಕೊಂಡಿದ್ದೇನೆ. ಶಾರ್ಟ್‌ಕಟ್ ಬೇರೆ, ಕಡತ ಬೇರೆ ಎಂಬುದು ನನ್ನ ಕ್ಲಾಸಿನ ಎರಡನೆಯ ದಿನದ ಪಾಠ. ಆರು ವರ್ಷದಿಂದ ಹೇಳುತ್ತ ಬಂದಿದ್ದೇನೆ.

ಇಲಿಯಾಸ ಅಳಿಸಿದ್ದನ್ನು ಹುಡುಕುವ ತಂತ್ರಾಂಶ ಓಡಿಸಿದ. ನಾಲ್ಕು ತಾಸು ಕಾದೆವು. ಆಟದವರು ನನ್ನ ಹಿಂದೆ ಬಂದೂಕು ಹಾರಿಸುತ್ತಲೇ ಇದ್ದರು. ಕೊನೆಗೆ ಸಿಕ್ಕಿದ್ದು ಮೂರು ಮದುವೆ ಫೋಟೋ, ಅವೂ ಅರ್ಧರ್ಧ. ಒಂದರಲ್ಲಿ ನನ್ನ ಪೇಟ ಇದೆ, ಕೆಳಗೆ ಮುಖವಿಲ್ಲ.

"ವೈನಿಗೆ ಫೋನ್ ಹಚ್ಚಿ ಹೇಳಿಬಿಡೋ, ಖರೇ ಹೇಳಿದ್ರ ಅರ್ಧಾ ಸಿಟ್ಟು ಇಳೀತತಿ."

"ಮೊದಲ ಲಿನಕ್ಸ್ ಫೋರಮ್‌ನ್ಯಾಗ ಕೇಳೂಣು."

"ಫೋರಮ್ ಏನ್ ನಿನ್ನ ಹೇಂತಿ ಏನು?"

3 ಜುಲೈ, ಶುಕ್ರವಾರ

ಮಗ್ಗ ನಿಂತಿದೆ. ಅದು ನಿಂತರೆ ಮನೆ ಇಷ್ಟು ಸಪ್ಪಳವಿಲ್ಲದೆ ಇರುತ್ತದೆ ಎಂದು ಗೊತ್ತಿರಲಿಲ್ಲ.

6 ಜುಲೈ, ಸೋಮವಾರ

ಇಂಟರ್ನೆಟ್ಟಿನ ಲಿನಕ್ಸ್ ಬಳಗದ ಫೋರಮ್ಮಿನಲ್ಲಿ ಕೇಳಿದ್ದಕ್ಕೆ ಎರಡು ಉತ್ತರ ಬಂದಿವೆ. ಫಿನ್ಲೆಂಡಿನವನೊಬ್ಬ, ತನ್ನ ಯಂತ್ರದಲ್ಲಿ ಎಲ್ಲ ಸರಿಯಾಗಿದೆ ಎಂದು ಬರೆದಿದ್ದಾನೆ. ಸಂತೋಷ. ಇನ್ನೊಬ್ಬ, ಕಡತದ ಪ್ರತಿ ಇಟ್ಟುಕೊಳ್ಳದವನಿಗೆ ಕಡತ ಬೇಕಾಗಿರಲಿಲ್ಲ ಎಂದಿದ್ದಾನೆ. ಇದೇ ಮಾತನ್ನು ಹೋದ ವರ್ಷ ನಾನೇ ಯಾರಿಗೋ ಬರೆದಿದ್ದೆ. ಆಗ ಬಹಳ ಚುರುಕಾಗಿ ಕಂಡಿತ್ತು.

ಸಂಜೆ ರೇಷ್ಮಾಳ ಫೋನ್. ವೈರ್‌ಲೆಸ್ ಕಾರ್ಡುಗಳ ಬಗ್ಗೆ ನಲವತ್ತು ನಿಮಿಷ ಮಾತಾಡಿದೆ, ನಡುವೆ ಅವಳಿಗೆ ಬಾಯಿ ತೆರೆಯಲು ಜಾಗ ಸಿಗಬಾರದೆಂದು. ಆದರೂ ಕೇಳಿದಳು.

"ಸೆರಗು ಎಲ್ಲೀತನಕಾ ಬಂತ್ರಿ?"

"ನಡದೈತಿ."

"ಕುದುರಿ ಬಂತೇನ್ರಿ?"

"ಬರಾಕತ್ತೈತಿ."

"ಹೌದೇನ್ರಿ" ಎಂದಳು. "ನಾ ಅವತ್ತ ಗಾಡ್ಯಾಗ ಅಂದಿದ್ದು ಚಾಷ್ಟಿ ಅಲ್ರಿ. ಸೀರಿ ಬರಲಿಲ್ಲಂದ್ರ ನಾ ಖರೇನ ಬರೂದಿಲ್ಲ."

9 ಜುಲೈ, ಗುರುವಾರ

ಪಂಚಮಿಗೆ ಹದಿನೇಳು ದಿನ. ದಾರಿ ಹೊಳೆದಿದೆ. ಅವ್ವ ನೇಯ್ದಿರುವ ಅರ್ಧ ಸೆರಗು ಮಗ್ಗದ ಮೇಲೆಯೇ ಇದೆ. ಎಳೆ ಎಣಿಸಿದರೆ ನಕ್ಷೆ ಅಲ್ಲಿಂದಲೇ ಸಿಗಬೇಕು. ಕುಣಿಯ ಅಂಚಿನಲ್ಲಿ ಭೂತಗನ್ನಡಿ ಹಿಡಿದು ಕುಳಿತೆ. ಒನ್, ಟೂ, ಥ್ರೀ ಎಂದು ಅರವತ್ತರವರೆಗೆ ಹೋಗಿ ತಪ್ಪಿದೆ. ಮತ್ತೆ ಹೋದೆ, ಮತ್ತೆ ತಪ್ಪಿದೆ.

"ಬಾಯಿಲೇ ಎಣಸಬ್ಯಾಡ, ಉಗುರಿಲೇ ಎಣಸು" ಎಂದಳು ಅವ್ವ. "ನಾಕ್ನಾಕು ಎಳಿ ಹಿಡಿ. ನಾಕು, ಎಂಟು, ಹನ್ನೆರಡು."

ಸಂಜೆಯ ಹೊತ್ತಿಗೆ ಗುಮ್ಮಟ ಸಿಕ್ಕಿತು. ಎಪ್ಪತ್ತೊಂದು ಎಳೆ ಅಗಲ. ಕೊನೆಯ ಪಟ್ಟಿಯಲ್ಲಿ ಬರುವುದೂ ಇದೇ ಗುಮ್ಮಟ, ಅದರ ಚಿಂತೆಯಿಲ್ಲ. ಲಿನಕ್ಸಿನಲ್ಲಿಯೂ ಲೆಕ್ಕದ ಹಾಳೆ ಇದೆ, ಅದರಲ್ಲಿ ತುಂಬಿದೆ. ಅವ್ವ ಇಷ್ಟು ವರ್ಷ ಇದನ್ನು ದಿನಾ ಮಾಡುತ್ತಿದ್ದಳೇ? ಬೆನ್ನು ನೋಯುತ್ತಿದೆ.

12 ಜುಲೈ, ರವಿವಾರ

ಟಾಂಗಾದ ಪಟ್ಟಿಯಲ್ಲಿ ಅವ್ವ ನೇಯ್ದಿದ್ದು ಗಾಲಿಯ ಕೆಳಗಿನ ಅರ್ಧ ಮತ್ತು ಕುದುರೆಯ ನಾಲ್ಕು ಗೊರಸು. ಗಾಲಿಯನ್ನು ತಿರುವಿಹಾಕಿ ಮೇಲಿನ ಅರ್ಧ ಮಾಡಿಕೊಂಡೆ. ಟಾಂಗಾದ ಗೂಡು ನೆಟ್ಟ ಗೆರೆಗಳದ್ದು, ಅದೂ ಬಂತು. ಗೊರಸಿನಿಂದ ಕುದುರೆ ಮಾಡುವುದು ಹೇಗೆ? ಮೂರು ದಿನ ಕುಳಿತು ನಾನೇ ಬರೆದೆ. ಅವ್ವನಿಗೆ ತೋರಿಸಿದೆ.

ಅವ್ವ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. "ಆಡು ಚಲೋ ಬಂದೈತಿ."

"ಕುದುರಿ ಬೇ ಅದು."

ಅಪ್ಪನನ್ನು ಕರೆದಳು. ಅಪ್ಪ ನೋಡಿ, "ಟಾಂಗಾಕ ಆಡು ಯಾಕ ಕಟ್ಟ್ಯಾರ?" ಎಂದರು.

ಅವ್ವ ನಗಲಿಲ್ಲ. "ಅಜಯಾ, ಅದು ಆಕಿ ಅಜ್ಜನ ಕುದುರಿ. ನನಗ ಬರೀಲಿಕ್ಕಾಗೂದಿಲ್ಲ, ನಿನಗ ಬರೀಲಿಕ್ಕಾಗೂದಿಲ್ಲ. ಯಾರಿಗೆ ಗೊತ್ತೈತೋ ಅವರನ್ನ ಕೇಳು."

13 ಜುಲೈ, ಸೋಮವಾರ

ಹೇಳಿದೆ. ಹಾರ್ಡ್‌ವೇರ್ ಬಗ್ಗೆ ಏನೂ ಹೇಳಲಿಲ್ಲ. ಅಳಿಸಿದೆ, ಪ್ರತಿ ಇಟ್ಟುಕೊಂಡೆ ಎಂದುಕೊಂಡದ್ದು ಪ್ರತಿಯಲ್ಲ, ಎರಡು ವಾರದಿಂದ ಸುಳ್ಳು ಹೇಳುತ್ತಿದ್ದೇನೆ ಎಂದೆ. ಅರ್ಧ ನಿಮಿಷದಲ್ಲಿ ಮುಗಿಯಿತು.

"ಗೊತ್ತೈತ್ರಿ" ಎಂದಳು ರೇಷ್ಮಾ.

"ಹ್ಯಾಂಗ?"

"ಮಗ್ಗ ನಿಂತ ದಿನಾನ ಅತ್ತಿ ಫೋನ್ ಮಾಡಿದ್ರು. ನೀವು ಯಾವಾಗ ಹೇಳ್ತೀರಿ ಅಂತ ನೋಡಾಕತ್ತಿದ್ದೆ. ಹತ್ತು ದಿನಾ ಹಿಡೀತು."

ತಿರುಗಿ ನೋಡಿದರೆ ಅವ್ವ ಲಾಳಿಗೆ ನೂಲು ತುಂಬುತ್ತಿದ್ದಳು.

"ಅಷ್ಟು ಚೌಕುಳಿ ಹದಿನೈದು ದಿನಾ ಕೂತು ತುಂಬೀದ್ನಿರಿ" ಎಂದಳು. ಆಮೇಲೆ ಮೂಗು ಏರಿಸಿಕೊಂಡದ್ದು ಕೇಳಿಸಿತು. "ಕುದುರಿ ಮತ್ತ ಬರ್ಯಾಕತ್ತೀನಿ, ಲೆಕ್ಕದ ನೋಟ್‌ಬುಕ್ಕಿನ್ಯಾಗ. ದಿನಾ ಸಂಜಿ ಆರಕ್ಕ ಫೋನ್ ಹಚ್ಚರಿ. ನಾ ಹೇಳ್ತೀನಿ, ನೀವು ತುಂಬ್ರಿ."

ಸ್ಕ್ಯಾನ್ ಮಾಡಿ ಇಲಿಯಾಸನ ಅಂಗಡಿಗೆ ಈಮೇಲ್ ಕಳಿಸಬಹುದಲ್ಲ, ಒಂದೇ ಏಟಿಗೆ ಆಗುತ್ತದೆ ಎಂದೆ.

"ಬ್ಯಾಡ್ರಿ. ನೀವು ಒಂದೇ ಏಟಿಗೆ ಮಾಡಿದ್ದು ಸಾಕು. ಕೂತು ಕೇಳ್ರಿ."

15 ಜುಲೈ, ಬುಧವಾರ

ಹನ್ನೊಂದು ಬಿಡು, ಮೂರು ತುಂಬು, ಐದು ಬಿಡು, ಎರಡು ತುಂಬು. ಎಂಟು ಸಾಲು ಆದವು. ಹಿಂಗಾಲಿನ ಮಂಡಿ ಬಂತು. ಅವಳು ಸಾಲು ಹೇಳುವಾಗ ಉಸಿರು ಬಿಡುವುದಿಲ್ಲ. ಸಾಲು ಮುಗಿದ ಮೇಲೆ ಒಮ್ಮೆಗೇ ಬಿಡುತ್ತಾಳೆ.

16 ಜುಲೈ, ಗುರುವಾರ

ಹತ್ತು ಸಾಲು. ಹೊಟ್ಟೆ. ಒಂದು ಕಡೆ ತಪ್ಪಿ ಮತ್ತೆ ಕೇಳಿದೆ, ಬೈಯಲಿಲ್ಲ.

17 ಜುಲೈ, ಶುಕ್ರವಾರ

ಹನ್ನೆರಡು ಸಾಲು, ಬೆನ್ನು, ಕುತ್ತಿಗೆ. ಆ ಕುದುರೆಯ ಹೆಸರು ಮೋತಿ ಅಂತೆ. ಅಜ್ಜನಿಗೆ ಕಡೆಕಡೆಗೆ ಕಣ್ಣು ಕಾಣುತ್ತಿರಲಿಲ್ಲವಂತೆ, ಕುದುರೆಯೇ ಅವರನ್ನು ನಿಲ್ದಾಣಕ್ಕೆ ಕರೆದುಕೊಂಡು ಹೋಗಿ ಮನೆಗೆ ತರುತ್ತಿತ್ತಂತೆ. ನನ್ನ ಅತ್ತೆ, ಅಂದರೆ ರೇಷ್ಮಾಳ ಅವ್ವ, ಆಗ ಸಣ್ಣವರು, ಹಿಂದಿನ ಸೀಟಿನಲ್ಲಿ ಕುಳಿತು ಸಾಲೆಗೆ ಹೋಗುತ್ತಿದ್ದರಂತೆ. ಇದನ್ನೆಲ್ಲ ರೇಷ್ಮಾ ಮದುವೆಯಾದ ವಾರದಲ್ಲೇ ಹೇಳಿದ್ದಳಂತೆ. ನಾನು ಆಗ ಲ್ಯಾಪ್‌ಟಾಪಿನ ಬ್ಯಾಟರಿ ತೆಗೆದು ನೋಡುತ್ತಿದ್ದೆನಂತೆ.

18 ಜುಲೈ, ಶನಿವಾರ

ಕಿವಿಯ ಎರಡು ಚೌಕುಳಿ ಕೊನೆಗೆ. ಮೂವತ್ತೆಂಟು ಸಾಲು ಮುಗಿಯಿತು. ಕುದುರೆ. ನೋಡಿದರೆ ಹೊರಟೇಬಿಡುತ್ತದೆ ಅನ್ನಿಸುತ್ತದೆ. ಕಡತದ ಪ್ರತಿಯನ್ನು ಎರಡು ಪೆನ್‌ಡ್ರೈವಿಗೆ ಹಾಕಿ, ತೆರೆದು ನೋಡಿದೆ. ಆಮೇಲೆ ಚೌಕುಳಿ ಕಾಗದದ ಮೇಲೆ ಕೈಯಿಂದಲೂ ಬರೆದಿಟ್ಟೆ.

ಫೋನ್ ಇಡುವ ಮುಂಚೆ ಅವಳು, "ವೈರ್‌ಲೆಸ್ ಸರಿ ಆತೇನ್ರಿ?" ಎಂದು ಕೇಳಿದಳು. ಯಾವ ವೈರ್‌ಲೆಸ್ ಎಂದು ನನಗೆ ಒಂದು ಕ್ಷಣ ತಿಳಿಯಲಿಲ್ಲ.

21 ಜುಲೈ, ಮಂಗಳವಾರ

ಮಗ್ಗದ ಸಪ್ಪಳ ಬೆಳಗಿನಿಂದ. ಅವ್ವ ನೇಯುತ್ತಾಳೆ, ನಾನು ಪಕ್ಕದಲ್ಲಿ ಕುಳಿತು ಸಾಲು ಓದುತ್ತೇನೆ, ಕೆಳಬಾಣ ಒತ್ತುತ್ತೇನೆ. ಹೀಗೆ ಮಾಡಿದರೆ ಲಗೂ ಆಗುತ್ತದೆ. ಕ್ಲಾಸಿಗೆ ಎರಡು ದಿನ ರಜೆ ಕೊಟ್ಟಿದ್ದೇನೆ.

ಮಧ್ಯಾಹ್ನ ಅವ್ವ ಅಂದಳು, "ಈ ಹೊಸಾದು ಚಲೋ ಐತಿ. ಮೊದಲಿಂದು ನಡುನಡುವ ಕುಂಯ್ ಅಂತಿತ್ತು, ಏನೇನೋ ಕೇಳತಿತ್ತು. ಇದು ಬಾಯಿ ಮುಚಗೊಂಡು ಇರತೈತಿ. ಬೆಳಕೂ ಚೆಂದ, ಎಳಿ ಕಾಣತಾವ."

ಗಜೇಂದ್ರಗಡದಲ್ಲಿ ಲಿನಕ್ಸ್ ಮೆಚ್ಚಿಕೊಂಡ ಮೊದಲ ವ್ಯಕ್ತಿ ನಮ್ಮವ್ವ. ಸದ್ದಿಲ್ಲದ್ದಕ್ಕೆ, ಬೆಳಕು ತಗ್ಗದ್ದಕ್ಕೆ. ಅಪ್ಪನಿಗೆ ಅದರಲ್ಲಿ ಪೆಂಗ್ವಿನ್ ಹಕ್ಕಿ ಹಿಮದ ಮೇಲೆ ಜಾರುವ ಆಟ ಸಿಕ್ಕಿದೆ. ಇಸ್ಪೀಟಿನ ಸುದ್ದಿ ಎತ್ತಿಲ್ಲ. ಹಕ್ಕಿ ಗುಂಡಿಯಲ್ಲಿ ಬಿದ್ದರೆ ಮಾತ್ರ, "ಅಯ್ಯ ಪಾಪ" ಎನ್ನುತ್ತಾರೆ.

25 ಜುಲೈ, ಶನಿವಾರ

ನಿನ್ನೆ ಸೀರೆ ಮಗ್ಗದಿಂದ ಇಳಿಯಿತು. ಅವ್ವ ಅಂಗಳದ ಹಗ್ಗದ ಮೇಲೆ ಹಾಕಿ ದೂರದಿಂದ ನೋಡಿದಳು. ಆರು ಟಾಂಗಾ, ಆರು ಕುದುರೆ. ಒಂದು ಕುದುರೆಯ ಕಿವಿ ಒಂದು ಎಳೆ ಗಿಡ್ಡ, ಆ ಸಾಲಿನಲ್ಲಿ ನಾನು ಅಲ್ಲೊಂದು ಚೌಕುಳಿ ತಪ್ಪಿ ಓದಿದ್ದೆ. ಬಿಚ್ಚಿ ಮತ್ತೆ ನೇಯುತ್ತೇನೆ ಎಂದಳು ಅವ್ವ. ಹೊತ್ತಿಲ್ಲ ಎಂದೆ.

ಆಷಾಢ ಮುಗಿದಿದೆ, ನಾನೇ ಒಯ್ಯಬಹುದಿತ್ತು. "ಅಪ್ಪ ಒಯ್ಲಿ" ಎಂದಳು ಅವ್ವ. "ಹಿರೇರು ಕೊಟ್ರ ಮರ್ಯಾದಿ. ನೀ ಹೋದ್ರ ಅಲ್ಲೂ ಏನರೆ ಅಪ್‌ಗ್ರೇಡ್ ಮಾಡ್ತಿ." ಅಪ್ಪ ಉಂಡಿಯ ಡಬ್ಬಿ ಮತ್ತು ಸೀರೆ ಹಿಡಿದು ಬೆಳಿಗ್ಗೆ ಹೊರಟರು. ಹೊಳೆಆಲೂರಿನವರೆಗೆ ನಾನು ಹೋಗಿದ್ದೆ. ಗಾಡಿ ಬಿಡುವವರೆಗೆ ಗಂಟು ಮಡಿಲಲ್ಲಿಟ್ಟುಕೊಳ್ಳಿ ಎಂದು ನಾಲ್ಕು ಸಲ ಹೇಳಿದೆ.

26 ಜುಲೈ, ರವಿವಾರ

ಪಂಚಮಿ. ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ.

27 ಜುಲೈ, ಸೋಮವಾರ

ಬೆಳಿಗ್ಗೆ ಅಪ್ಪ ತಿರುಗಿ ಬಂದರು. ಏನಾಯಿತು ಎಂದರೆ, "ಉಂಡಿ ಭಾಳ ಮೆಚ್ಚಿಕೊಂಡ್ರು" ಎಂದು ಮಲಗಿಬಿಟ್ಟರು.

ಸಂಜೆ ಆರಕ್ಕೆ ಫೋನ್. ರೇಷ್ಮಾ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

"ನಮ್ಮವ್ವ ಸೀರಿ ಬಿಚ್ಚಿ ನೋಡಿದ್ಲುರಿ. ಒಳಗ ಹೋಗಿ ಉಟಗೊಂಡು ಬಂದ್ಲು. ಸೆರಗು ಮುಂದ ತಂದು ಒಂದೊಂದ ಕುದುರಿ ಮುಟ್ಟಿ ನೋಡಿದ್ಲು. ಕಿವಿ ಗಿಡ್ಡ ಇದ್ದದ್ದು ಸಿಕ್ಕ ಕೂಡಲೇ ಅಲ್ಲೇ ಕುಂತು ಅತ್ಲು. ಮೋತಿದೂ ಒಂದು ಕಿವಿ ಗಿಡ್ಡ ಇತ್ತಂತ್ರಿ. ಇದು ನಿನಗ ಯಾರು ಹೇಳಿದ್ರು ಅಂತ ಕೇಳಾಕತ್ತಾಳ. ಯಾರು ಹೇಳಿದ್ರುರಿ ನಿಮಗ?"

ಅದು ತಪ್ಪು ಎಂದು ಹೇಳಿದೆ. ಈಗ ಎಲ್ಲವನ್ನೂ ಕೂಡಲೇ ಹೇಳಿಬಿಡುತ್ತೇನೆ, ರೂಢಿಯಾಗಿದೆ.

ಅವಳು ಬಹಳ ಹೊತ್ತು ನಕ್ಕಳು. ಹಿಂದೆ ಅತ್ತೆಯ ಧ್ವನಿಯೂ ಕೇಳಿಸಿತು. ನಾನು ಕೇಳುತ್ತ ಕುಳಿತೆ. ಆಮೇಲೆ ಅವಳು, "ಬರ್ಕೋರಿ" ಎಂದಳು. ಪೆನ್ನು ಕೈಯಲ್ಲೇ ಇತ್ತು, ಸಾಲು ಹೇಳುತ್ತಾಳೇನೋ ಅಂದುಕೊಂಡೆ.

ಬರೆದುಕೊಂಡದ್ದು ಇಷ್ಟು. ಜುಲೈ ಮೂವತ್ತು, ಗುರುವಾರ, ಸೋಲಾಪುರ–ಗದಗ ಪ್ಯಾಸೆಂಜರ್, ಹೊಳೆಆಲೂರು.